ಮಾಲತಿ ಹೊಳ್ಳರ ಗಾಲಿಕುರ್ಚಿ, ಕ್ರೀಡಾ ಸಂಸ್ಥೆಗಳ ಅಧಿಕಾರದ ಕುರ್ಚಿ

ದಾವಣಗೆರೆ: ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆ ಸಮೀಪಿಸಿದಂತೆ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿ ಅಂಗವಿಕಲರ ಕ್ರೀಡಾಕೂಟಗಳು ಏರ್ಪಾಡಾಗುವುದು ವಾಡಿಕೆ. ನಮ್ಮ ಭಾಗದ ತಾಲ್ಲೂಕು ಕೇಂದ್ರವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಅಂಥ ಒಂದು ಕೂಟದ ವರದಿಗೆಂದು ಈ ವರದಿಗಾರ ಹೋಗಿದ್ದುಂಟು. ಸ್ವಾಗತ ಭಾಷಣ, ಹಾರ ತುರಾಯಿ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ನಂತರ ತ್ರಿಚಕ್ರ ಸೈಕಲ್ ಓಟ ಆರಂಭವಾಯಿತು.

ಸುಣ್ಣದ ಗೆರೆಯ ಮೇಲೆ ನಿಂತವರಲ್ಲಿ ಒಬ್ಬರಿಗೆ ಪೋಲಿಯೊದಿಂದ ಒಂದು ಕಾಲು ಮಾತ್ರ ಸೋತಿತ್ತು. ಅವರ ಪಕ್ಕದಲ್ಲಿದ್ದವರಿಗೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಎದೆಯಿಂದ ಕೆಳಗೆ ಸ್ವಾಧೀನವೇ ಇರಲಿಲ್ಲ. ಮೊದಲಿನವರು ಕೈಯಿಂದ ಪೆಡಲ್ ತಿರುಗಿಸುವ ಸೈಕಲ್ಲಿನಲ್ಲಿದ್ದರೆ, ಎರಡನೆಯವರು ಆಸ್ಪತ್ರೆಯಲ್ಲಿ ಬಳಸುವಂಥ ಭಾರದ ಗಾಲಿಕುರ್ಚಿಯಲ್ಲಿದ್ದರು. ಸೀಟಿ ಊದಿದಾಗ ಇಬ್ಬರೂ ಹೊರಟರು. ಫಲಿತಾಂಶ ಏನಾಯಿತೆಂದು ಬರೆಯುವ ಅಗತ್ಯವಿಲ್ಲ. ಗೆದ್ದವರಿಗೆ ಸ್ಟೀಲ್ ಡಬ್ಬಿ ಸಿಕ್ಕಿತು. ಎರಡನೆಯವರ ಮುಂದಿನ ಗಾಲಿ ಮಣ್ಣಿನಲ್ಲಿ ಹೂತು ಅವರು ಮಧ್ಯದಲ್ಲೇ ನಿಂತರು. ಪ್ರೇಕ್ಷಕರು ಅವರಿಗೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಅವರು ತಲೆ ಎತ್ತಲಿಲ್ಲ.

ಗಾಲಿಕುರ್ಚಿ ಕ್ರೀಡೆಯಲ್ಲಿ ಪಂದ್ಯದ ಅರ್ಧಭಾಗ ಮೈದಾನಕ್ಕೆ ಇಳಿಯುವ ಮುನ್ನವೇ, ಕಾಗದದ ಮೇಲೆ ನಡೆದುಹೋಗಿರುತ್ತದೆ. ಯಾರು ಯಾರೊಡನೆ ಸೆಣಸಬೇಕು, ಯಾವ ಸ್ಪರ್ಧೆ ಇರಬೇಕು, ಯಾವುದನ್ನು ಕೈಬಿಡಬೇಕು, ಯಾವ ಬಗೆಯ ಕುರ್ಚಿಗೆ ಅನುಮತಿ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಹಾಗಾದರೆ ಆ ಕಾಗದ ಬರೆಯುವವರು ಯಾರು? ಗಾಲಿಕುರ್ಚಿಯಲ್ಲಿ ಕುಳಿತು ಸ್ಪರ್ಧಿಸಿದವರಿಗೆ ಆ ಮೇಜಿನಲ್ಲಿ ಸ್ಥಾನವಿದೆಯೇ? ಕನ್ನಡ ನಾಡಿನ ಮಟ್ಟಿಗೆ ಈ ಪ್ರಶ್ನೆಯನ್ನು ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ಕ್ರೀಡಾಜೀವನದಿಂದಲೇ ಆರಂಭಿಸುವುದು ಸೂಕ್ತ.

ಜ್ವರದಿಂದ ಪದಕದವರೆಗೆ

ಮಾಲತಿ ಅವರು ಜನಿಸಿದ್ದು 1958ರ ಜುಲೈ 6ರಂದು. ಕುಟುಂಬದ ಮೂಲ ಉಡುಪಿ ಜಿಲ್ಲೆಯ ಕೋಟ. ತಂದೆ ಕೃಷ್ಣಮೂರ್ತಿ ಹೊಳ್ಳರು ಚಿಕ್ಕ ಹೋಟೆಲು ನಡೆಸುತ್ತಿದ್ದರು, ತಾಯಿ ಪದ್ಮಾವತಿ ಹೊಳ್ಳರ ಮೇಲೆ ನಾಲ್ವರು ಮಕ್ಕಳ ಹೊಣೆಯಿತ್ತು. ಮಗು ನಡೆಯಲು ಕಲಿಯುವ ವಯಸ್ಸಿನಲ್ಲಿ ಬಂದ ಜ್ವರ ಪೋಲಿಯೊ ಆಗಿ ಇಡೀ ದೇಹದ ಚಲನೆಯನ್ನೇ ಕಸಿದುಕೊಂಡಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ನೀಡಿದ ವಿದ್ಯುತ್ ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಮರಳಿತು. ಕಾಲುಗಳಿಗೆ ಮರಳಲಿಲ್ಲ.

ಮುಂದಿನ 15 ವರ್ಷಗಳನ್ನು ಅವರು ಕಳೆದದ್ದು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ. ಚಿಕಿತ್ಸೆ, ಶಾಲೆ, ಗೆಳೆತನ ಎಲ್ಲವೂ ಅಲ್ಲಿಯೇ. ಇದುವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾದ ದೇಹ ಅದು. ಬಳಿಕ ಬೆಂಗಳೂರಿಗೆ ಮರಳಿ ಮಹಾರಾಣಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಕ್ರೀಡೆಯ ಜೊತೆಗೆ ಸಿಂಡಿಕೇಟ್ ಬ್ಯಾಂಕಿನ ನೌಕರಿಯೂ ನಡೆಯಿತು. ವ್ಯವಸ್ಥಾಪಕಿಯ ಹುದ್ದೆಯವರೆಗೆ ಏರಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು ಎಂಬುದು ಓದುಗರಿಗೆ ತಿಳಿದ ಸಂಗತಿ. ಆ ಕಾಲದ ಅಂಗವಿಕಲ ಕ್ರೀಡಾಪಟುವಿಗೆ ತಿಂಗಳ ಸಂಬಳವೇ ದೊಡ್ಡ ಪ್ರಾಯೋಜಕತ್ವವಾಗಿತ್ತು ಎಂದರೆ ಅತಿಶಯೋಕ್ತಿಯಾಗದು.

1988ರ ಸೋಲ್, 1992ರ ಬಾರ್ಸಿಲೋನಾ, 2004ರ ಅಥೆನ್ಸ್, 2008ರ ಬೀಜಿಂಗ್ ಹೀಗೆ ನಾಲ್ಕು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಅವರು ದೇಶವನ್ನು ಪ್ರತಿನಿಧಿಸಿದರು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 20 ವರ್ಷಗಳ ಅಂತರ. ಬೀಜಿಂಗ್‌ನಲ್ಲಿ ಸ್ಪರ್ಧಿಸಿದಾಗ ಅವರ ವಯಸ್ಸು 50. 1989ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟ, ಗುಂಡು ಎಸೆತ, ಚಕ್ರ ಎಸೆತ ಹಾಗೂ ಭರ್ಜಿ ಎಸೆತ ನಾಲ್ಕರಲ್ಲೂ ಚಿನ್ನ ಗೆದ್ದರು. ಏಷ್ಯಾ ಮಟ್ಟದ ಅಂಗವಿಕಲರ ಕೂಟಗಳು, ಕಾಮನ್‌ವೆಲ್ತ್ ಕ್ರೀಡಾಕೂಟ, ಇಂಗ್ಲೆಂಡ್ ಮತ್ತು ಬೆಲ್ಜಿಯಂನ ಮುಕ್ತ ಕೂಟಗಳು ಸೇರಿ ಅವರ ಪದಕಗಳ ಸಂಖ್ಯೆ 300 ದಾಟಿದೆ. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದವು.

ಇಷ್ಟಾದರೂ ಅವರ ಖಾತೆಯಲ್ಲಿ ಪ್ಯಾರಾಲಿಂಪಿಕ್ಸ್ ಪದಕವಿಲ್ಲ. ಇದನ್ನು ಅವರ ಕೊರತೆಯೆಂದು ಓದುವುದು ಸರಿಯಲ್ಲ. 1988ರಿಂದ 2000ದವರೆಗಿನ ನಾಲ್ಕು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಬಂದ ಒಟ್ಟು ಪದಕಗಳು ಸೊನ್ನೆ. 2004ರಲ್ಲಿ ಎರಡು ಬಂದವು. 2008ರಲ್ಲಿ ಮತ್ತೆ ಸೊನ್ನೆ. 2012ರ ಲಂಡನ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ತಂದ ಬೆಳ್ಳಿಯೊಂದೇ ದೇಶದ ಸಂಪಾದನೆ. ಅದೇ ದೇಶ ಟೋಕಿಯೊದಲ್ಲಿ 19, 2024ರ ಪ್ಯಾರಿಸ್‌ನಲ್ಲಿ 29 ಪದಕ ಗೆದ್ದಿತು. ಒಂದು ದಶಕದಲ್ಲಿ ಭಾರತೀಯರ ತೋಳುಗಳು ದಿಢೀರನೆ ಬಲಗೊಂಡವೆಂದು ನಂಬುವುದು ಕಷ್ಟ. ತರಬೇತಿ, ಹಣ, ಸಲಕರಣೆ, ಸಕಾಲದಲ್ಲಿ ಹೋದ ಅರ್ಜಿ ಇವು ಬದಲಾದವು. ಮಾಲತಿ ಅವರ ಉತ್ತಮ ವರ್ಷಗಳು ಈ ಬದಲಾವಣೆಗೆ ಮುಂಚೆಯೇ ಕಳೆದುಹೋದವು.

ಕುಸ್ತಿಯ ತೂಕ, ಗಾಲಿಕುರ್ಚಿಯ ವರ್ಗ

ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ 50 ಕಿಲೋ ತೂಗುವ ಹುಡುಗನನ್ನು 90 ಕಿಲೋ ತೂಗುವ ಪೈಲ್ವಾನನ ಎದುರು ನಿಲ್ಲಿಸಿದರೆ ದಾವಣಗೆರೆಯ ಜನ ಸುಮ್ಮನಿರುವುದಿಲ್ಲ. ಜೋಡಿ ಸರಿಯಿಲ್ಲ ಎಂಬ ಕೂಗು ನಾಲ್ಕೂ ಕಡೆಯಿಂದ ಏಳುತ್ತದೆ. ಅಂಗವಿಕಲರ ಕ್ರೀಡೆಯಲ್ಲಿ ಆ ಜೋಡಿ ಸರಿಪಡಿಸುವ ಕ್ರಮಕ್ಕೆ ವರ್ಗೀಕರಣ ಎಂದು ಹೆಸರು.

ಅಥ್ಲೆಟಿಕ್ಸ್‌ನಲ್ಲಿ ಗಾಲಿಕುರ್ಚಿ ಓಟಕ್ಕೆ ಟಿ 51ರಿಂದ ಟಿ 54ರವರೆಗೆ, ಕುಳಿತು ಎಸೆಯುವ ಸ್ಪರ್ಧೆಗಳಿಗೆ ಎಫ್ 51ರಿಂದ ಎಫ್ 57ರವರೆಗೆ ವರ್ಗಗಳಿವೆ. ಅಂಕಿ ಚಿಕ್ಕದಾದಷ್ಟೂ ದೇಹದ ಮೇಲಿನ ನಿರ್ಬಂಧ ಹೆಚ್ಚು. ಎಫ್ 51ರಲ್ಲಿ ಬೆರಳುಗಳ ಹಿಡಿತವೂ ಇಲ್ಲದವರಿರುತ್ತಾರೆ. ಎಫ್ 57ರಲ್ಲಿ ಸೊಂಟ ಹಾಗೂ ಕಾಲುಗಳಲ್ಲಿ ಒಂದಿಷ್ಟು ಶಕ್ತಿ ಉಳಿದವರಿರುತ್ತಾರೆ. ವೈದ್ಯಕೀಯ ಜ್ಞಾನ ಹಾಗೂ ಕ್ರೀಡೆಯ ಅನುಭವ ಉಳ್ಳ ವರ್ಗೀಕರಣಕಾರರ ತಂಡ ಸ್ನಾಯುಗಳನ್ನು ಪರೀಕ್ಷಿಸಿ, ಬಳಿಕ ಸ್ಪರ್ಧೆಯಲ್ಲಿ ಕ್ರೀಡಾಪಟು ಹೇಗೆ ಚಲಿಸುತ್ತಾನೆ ಎಂಬುದನ್ನೂ ಗಮನಿಸಿ ವರ್ಗ ನಿಗದಿಪಡಿಸುತ್ತದೆ.

ಇಲ್ಲಿ ನಮ್ಮ ಭಾಗದ ಪೋಷಕರು ಸಾಮಾನ್ಯವಾಗಿ ಎಡವುವ ಒಂದು ವಿಷಯವಿದೆ. ಸರ್ಕಾರ ನೀಡುವ ಯುಡಿಐಡಿ ಗುರುತಿನ ಚೀಟಿಯಲ್ಲಿ ಶೇ 75 ಅಥವಾ ಶೇ 80 ಎಂದು ನಮೂದಾಗಿರುವ ಪ್ರಮಾಣಕ್ಕೂ ಕ್ರೀಡಾ ವರ್ಗಕ್ಕೂ ನೇರ ಸಂಬಂಧವಿಲ್ಲ. ಆ ಚೀಟಿ ಪಿಂಚಣಿಗೆ, ಬಸ್ ಪಾಸಿಗೆ, ಮೀಸಲಾತಿಗೆ. ಕ್ರೀಡಾ ವರ್ಗ ಬೇರೆಯೇ ಪರೀಕ್ಷೆಯಿಂದ ಬರುತ್ತದೆ, ಅದಕ್ಕೆ ಹಳೆಯ ಚಿಕಿತ್ಸಾ ದಾಖಲೆಗಳೇ ಆಧಾರ. ಆಸ್ಪತ್ರೆಯ ಕಾಗದಗಳನ್ನು ಬಿಸಾಡದೆ ಜೋಪಾನವಾಗಿಟ್ಟುಕೊಳ್ಳುವುದು ಕ್ರೀಡೆಯ ಮೊದಲ ಪಾಠ ಎನ್ನಬಹುದು.

ವರ್ಗ ಸಿಕ್ಕ ಮಾತ್ರಕ್ಕೆ ಸ್ಪರ್ಧೆ ಸಿಗುತ್ತದೆಂಬ ಖಾತರಿಯಿಲ್ಲ. ಒಂದು ವರ್ಗದಲ್ಲಿ ಸಾಕಷ್ಟು ಸ್ಪರ್ಧಿಗಳು ಇಲ್ಲದಿದ್ದರೆ ಎರಡು ವರ್ಗಗಳನ್ನು ಸೇರಿಸುತ್ತಾರೆ, ಇಲ್ಲವೇ ಸ್ಪರ್ಧೆಯನ್ನೇ ಕೈಬಿಡುತ್ತಾರೆ. ಹರಿಯಾಣದ ದೀಪಾ ಮಲಿಕ್ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಎಫ್ 53 ವರ್ಗದ ಗುಂಡು ಎಸೆತದಲ್ಲಿ 4.61 ಮೀಟರ್ ದೂರ ಸಾಧಿಸಿ ಬೆಳ್ಳಿ ಗೆದ್ದರು. ಟೋಕಿಯೊ ಕೂಟದ ಪಟ್ಟಿ ಹೊರಬಿದ್ದಾಗ ಅವರ ವರ್ಗದ ಸ್ಪರ್ಧೆಯೇ ಅದರಲ್ಲಿ ಇರಲಿಲ್ಲ. ಪದಕ ಗೆದ್ದ ಕ್ರೀಡಾಪಟುವಿಗೂ ಮುಂದಿನ ಕೂಟದಲ್ಲಿ ಕಣವೇ ಇಲ್ಲ. ಮೇಜಿನ ಮೇಲಿನ ಕಾಗದದ ಬಲ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಕುರ್ಚಿ ಸಾಲದು

ಮಾಲತಿ ಅವರು ಒಂದೇ ಕೂಟದಲ್ಲಿ ಓಡಿಯೂ ಎಸೆದೂ ಗೆದ್ದರು ಎಂಬುದನ್ನು ಇಂದಿನ ಕ್ರೀಡಾಪಟುಗಳು ಅಚ್ಚರಿಯಿಂದ ನೋಡುವುದಕ್ಕೆ ಕಾರಣವಿದೆ. ಈಗ ಓಟದ ಕುರ್ಚಿ ಬೇರೆ, ಎಸೆತದ ಕುರ್ಚಿ ಬೇರೆ, ಎರಡಕ್ಕೂ ತಾಲೀಮು ಬೇರೆ. ಓಟದ ಕುರ್ಚಿಗೆ ಮೂರು ಗಾಲಿ. ಹಿಂದಿನ ಎರಡು ದೊಡ್ಡ ಗಾಲಿಗಳ ವ್ಯಾಸ ಗಾಳಿ ತುಂಬಿದ ಟೈರು ಸೇರಿ 70 ಸೆಂಟಿಮೀಟರ್ ಮೀರುವಂತಿಲ್ಲ. ಮುಂದೆ ಉದ್ದನೆಯ ಚೌಕಟ್ಟಿನ ತುದಿಯಲ್ಲಿ ಒಂದು ಚಿಕ್ಕ ಗಾಲಿ. ಓಟಗಾರ ಮುಂದಕ್ಕೆ ಬಾಗಿ, ದಪ್ಪ ಕೈಗವಸು ತೊಟ್ಟು, ಗಾಲಿಗೆ ಹೊಂದಿಸಿದ ಬಳೆಯನ್ನು ಗುದ್ದಿ ಗುದ್ದಿ ವೇಗ ಪಡೆಯುತ್ತಾನೆ. ವಿದೇಶದಿಂದ ತರಿಸುವ ಇಂಥ ಕುರ್ಚಿಗೆ ಲಕ್ಷಾಂತರ ರೂಪಾಯಿ ಬೆಲೆ. ಅಳತೆ ಕೂಡ ಕ್ರೀಡಾಪಟುವಿನ ಮೈಕಟ್ಟಿಗೇ ಹೊಂದಬೇಕು. ಹೀಗಾಗಿ ಎರವಲು ತಂದು ಓಡುವುದು ಸುಲಭವಲ್ಲ.

ಎಸೆತದ ಕುರ್ಚಿಯ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಗಾಲಿಯೇ ಬೇಕಿಲ್ಲ. ಕಬ್ಬಿಣದ ಗಟ್ಟಿ ಚೌಕಟ್ಟು, ಮೇಲೊಂದು ಆಸನ, ಹಿಡಿಯಲು ಒಂದು ಕಂಬಿ, ದೇಹವನ್ನು ಬಿಗಿಯಲು ಪಟ್ಟಿಗಳು. ಆಸನದ ಎತ್ತರ ದಿಂಬು ಸೇರಿ 75 ಸೆಂಟಿಮೀಟರ್ ದಾಟಬಾರದು, ಎಸೆಯುವಾಗ ಕುಳಿತ ಭಾಗ ಆಸನದಿಂದ ಮೇಲೇಳಬಾರದು. ಎದ್ದರೆ ಎಸೆತ ಅಸಿಂಧು. ಚೌಕಟ್ಟನ್ನು ಸರಪಳಿ ಅಥವಾ ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ. 1941ರಲ್ಲಿ ಆರಂಭವಾಗಿ ದಶಕಗಳ ಕಾಲ ದೇಶಕ್ಕೆ ಲೇತ್ ಯಂತ್ರಗಳನ್ನು ಮಾಡಿಕೊಟ್ಟ, ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರು ಹರಿಹರ. ಅಂಥ ಊರಿನ ವೆಲ್ಡಿಂಗ್ ಅಂಗಡಿಗೆ ಅಳತೆಯ ಚೀಟಿ ಕೊಟ್ಟರೆ ಇದು ಒಂದೆರಡು ದಿನದ ಕೆಲಸ. ಅಳತೆಯ ಚೀಟಿ ಕೊಡುವವರು ಬೇಕು, ಅಷ್ಟೇ. ಹರಿಹರ, ದಾವಣಗೆರೆಯಂಥ ಊರುಗಳಿಂದ ಗಾಲಿಕುರ್ಚಿ ಕ್ರೀಡೆಗೆ ಬರುವವರು ಎಸೆತದಿಂದ ಆರಂಭಿಸುವುದು ಜಾಣತನ ಎಂಬುದು ಈ ವರದಿಗಾರನ ಅನಿಸಿಕೆ.

ಮೈದಾನದಿಂದ ಕಚೇರಿಗೆ

ಗಾಲಿಕುರ್ಚಿ ಕ್ರೀಡೆ ಆರಂಭವಾದದ್ದೇ ಆಸ್ಪತ್ರೆಯ ಅಂಗಳದಲ್ಲಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್ 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, 16 ಮಂದಿ ಗಾಯಾಳು ಯೋಧರಿಗೆ ಬಿಲ್ಲುವಿದ್ಯೆ ಸ್ಪರ್ಧೆ ಏರ್ಪಡಿಸಿದರು. ಹೀಗೆ ಆಸ್ಪತ್ರೆಯಲ್ಲಿ ಹುಟ್ಟಿದ ಕಾರಣದಿಂದಲೋ ಏನೋ, ಈ ಕ್ರೀಡೆಯ ಆಡಳಿತವೂ ಬಹುಕಾಲ ವೈದ್ಯರು ಹಾಗೂ ಹಿತೈಷಿಗಳ ಕೈಯಲ್ಲೇ ಉಳಿಯಿತು. ಕ್ರೀಡಾಪಟುವನ್ನು ಚಿಕಿತ್ಸೆ ಪಡೆಯುವವನಂತೆ ನೋಡುವ ದೃಷ್ಟಿ ಪೂರ್ತಿ ಹೋಗಿದೆ ಎನ್ನುವಂತಿಲ್ಲ. ನಮ್ಮ ಡಿಸೆಂಬರ್ ಕೂಟದ ಚಪ್ಪಾಳೆಯಲ್ಲೂ ಅದರ ಛಾಯೆ ಇದೆ.

ಭಾರತದ ಸಂಸ್ಥೆಗೆ ಕರ್ನಾಟಕವೇ ತವರು. ಇಂದಿನ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯು 1990ರ ದಶಕದ ಮೊದಲ ಭಾಗದಲ್ಲಿ ಅಂಗವಿಕಲರ ಕ್ರೀಡಾ ಒಕ್ಕೂಟವಾಗಿ ಆರಂಭವಾಯಿತು. ಅದನ್ನು ಕಟ್ಟುವಲ್ಲಿ ಮುಂಚೂಣಿಯಲ್ಲಿದ್ದವರು ಸ್ವತಃ ಅಂಗವಿಕಲ ಕ್ರೀಡಾಪಟುವಾಗಿದ್ದ, ಅರ್ಜುನ ಪ್ರಶಸ್ತಿ ಪುರಸ್ಕೃತ ಎಂ. ಮಹದೇವ. ಕ್ರೀಡಾಪಟು ಕಟ್ಟಿದ ಸಂಸ್ಥೆ ಮುಂದೆ ಕ್ರೀಡಾಪಟುಗಳಿಂದ ದೂರ ಸರಿದದ್ದು ಬೇಸರದ ಅಧ್ಯಾಯ. 2015ರ ಮಾರ್ಚ್‌ನಲ್ಲಿ ಗಾಜಿಯಾಬಾದ್‌ನಲ್ಲಿ ನಡೆದ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ಗಾಲಿಕುರ್ಚಿ ಹೋಗಬಲ್ಲ ಶೌಚಾಲಯವಿಲ್ಲದೆ, ಪೂರ್ಣಗೊಳ್ಳದ ಕಟ್ಟಡದಲ್ಲಿ ತಂಗಬೇಕಾಗಿ ಬಂದ ಸ್ಪರ್ಧಿಗಳ ಗೋಳು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಮುಂದಿನ ತಿಂಗಳೇ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯು ಭಾರತದ ಸಮಿತಿಯನ್ನು ಅಮಾನತಿನಲ್ಲಿಟ್ಟಿತು. ರಿಯೊ ಕೂಟ ಸಮೀಪಿಸಿದ ಮೇಲಷ್ಟೇ, 2016ರಲ್ಲಿ, ಅಮಾನತು ತೆರವಾಯಿತು.

ಈ ಹಿನ್ನೆಲೆಯಲ್ಲಿ 2020ರ ಆರಂಭದಲ್ಲಿ ದೀಪಾ ಮಲಿಕ್ ಸಮಿತಿಯ ಅಧ್ಯಕ್ಷೆಯಾದದ್ದು ಗಮನಾರ್ಹ. 1999ರಲ್ಲಿ ಬೆನ್ನುಹುರಿಯ ಗಡ್ಡೆಯ ಶಸ್ತ್ರಚಿಕಿತ್ಸೆಯ ಬಳಿಕ ಎದೆಯ ಕೆಳಗಿನ ಸ್ವಾಧೀನ ಕಳೆದುಕೊಂಡವರು ಅವರು. ಆದರೆ ಅಧ್ಯಕ್ಷರ ಕುರ್ಚಿಗೆ ಅವರು ತೆತ್ತ ಬೆಲೆಯನ್ನೂ ಗಮನಿಸಬೇಕು. ಸ್ಪರ್ಧೆಯಲ್ಲಿರುವ ಕ್ರೀಡಾಪಟು ಒಕ್ಕೂಟದ ಪದಾಧಿಕಾರಿಯಾಗುವುದಕ್ಕೆ ದೇಶದ ಕ್ರೀಡಾ ನಿಯಮಾವಳಿ ಅವಕಾಶ ನೀಡುತ್ತಿರಲಿಲ್ಲ. ಅದರಂತೆ 2019ರ ಸೆಪ್ಟೆಂಬರ್‌ನಲ್ಲೇ ನಿವೃತ್ತಿ ಪತ್ರ ಸಲ್ಲಿಸಿದ್ದಾಗಿ ಅವರು 2020ರ ಮೇ ತಿಂಗಳಿನಲ್ಲಿ ಪ್ರಕಟಿಸಿದರು. ನಿಯಮಕ್ಕೆ ಕಾರಣವಿಲ್ಲವೆಂದಲ್ಲ. ತಂಡ ಆರಿಸುವವರೇ ತಂಡದಲ್ಲಿ ಇರಬಾರದು ಎಂಬುದು ನ್ಯಾಯವೇ. ಆದರೆ ಬ್ಯಾಂಕ್ ನೌಕರಿಯೊಡನೆ 50ರ ವಯಸ್ಸಿನವರೆಗೂ ಸ್ಪರ್ಧಿಸಿದ ಮಾಲತಿ ಅವರಂಥವರಿಗೆ ಆಡಳಿತದ ಬಾಗಿಲು ತೆರೆಯುವ ಹೊತ್ತಿಗೆ ಉತ್ಸಾಹವೂ ಆರೋಗ್ಯವೂ ಎಷ್ಟು ಉಳಿದಿರುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದೀಪಾ ಅವರ ಅವಧಿಯಲ್ಲಿ ಟೋಕಿಯೊದ 19 ಪದಕಗಳು ಬಂದವು, 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 111 ಪದಕಗಳು ಬಂದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಖೇಲೊ ಇಂಡಿಯಾ ಪ್ಯಾರಾ ಕೂಟ ದೆಹಲಿಯಲ್ಲಿ ನಡೆಯಿತು. ಹಾಗೆಂದು ಎಲ್ಲವೂ ಸುಗಮವಾಗಿತ್ತು ಎನ್ನುವಂತಿಲ್ಲ. ಸಕಾಲದಲ್ಲಿ ಚುನಾವಣೆ ನಡೆಸದ ಕಾರಣಕ್ಕೆ 2024ರ ಫೆಬ್ರವರಿಯಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಸಮಿತಿಯನ್ನು ಅಮಾನತುಗೊಳಿಸಿತು. ಮಾರ್ಚ್‌ನಲ್ಲಿ ಭರ್ಜಿ ಎಸೆತದ ದೇವೇಂದ್ರ ಝಝಾರಿಯಾ ಅವಿರೋಧವಾಗಿ ಅಧ್ಯಕ್ಷರಾದರು. ಕ್ರೀಡಾಪಟು ಅಧಿಕಾರಕ್ಕೆ ಬಂದ ಮಾತ್ರಕ್ಕೆ ಕಚೇರಿಯ ಚಾಳಿ ಬದಲಾಗದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಗರಿಷ್ಠ 15 ಸದಸ್ಯರಿರಬೇಕೆಂದೂ, ಅವರಲ್ಲಿ ಕನಿಷ್ಠ ಇಬ್ಬರು ಉನ್ನತ ಸಾಧನೆಯ ಕ್ರೀಡಾಪಟುಗಳು, ಕ್ರೀಡಾಪಟುಗಳ ಸಮಿತಿಯಿಂದ ಆಯ್ಕೆಯಾದ ಇನ್ನಿಬ್ಬರು ಹಾಗೂ ಕನಿಷ್ಠ ನಾಲ್ವರು ಮಹಿಳೆಯರು ಇರಬೇಕೆಂದೂ ಹೇಳುತ್ತದೆ. ಪ್ಯಾರಾಲಿಂಪಿಕ್ ಸಮಿತಿಯೂ ಇದರ ವ್ಯಾಪ್ತಿಗೆ ಬರುತ್ತದೆ.

ಮಾತೃ ಮನೆ

ಮಾಲತಿ ಅವರ ಎರಡನೆಯ ಇನಿಂಗ್ಸ್ ಒಕ್ಕೂಟದ ಕಚೇರಿಯತ್ತ ಹೊರಳಲಿಲ್ಲ. ಗೆಳೆಯರೊಡಗೂಡಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಮಾತೃ ಫೌಂಡೇಶನ್, ಹಳ್ಳಿಗಳ ಬಡ ಕುಟುಂಬಗಳಿಂದ ಬಂದ ಅಂಗವಿಕಲ ಮಕ್ಕಳಿಗೆ ಆಶ್ರಯ, ಚಿಕಿತ್ಸೆ ಹಾಗೂ ಶಿಕ್ಷಣ ನೀಡುತ್ತಾ ಬಂದಿದೆ. ಇದು ಕ್ರೀಡಾ ಆಡಳಿತವೇ ಎಂದು ಯಾರಾದರೂ ಕೇಳಬಹುದು. ಮಗುವಿಗೆ ಶಸ್ತ್ರಚಿಕಿತ್ಸೆ, ಅಳತೆಗೆ ಹೊಂದುವ ಕುರ್ಚಿ, ಶಾಲೆಯ ದಾಖಲಾತಿ ಸಿಗದಿದ್ದರೆ ಕ್ರೀಡಾಂಗಣದ ಮಾತು ಬಲು ದೂರ. ತಾವು 15 ವರ್ಷ ಆಸ್ಪತ್ರೆಯಲ್ಲಿ ಕಳೆದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅವರ ಜೀವನಚರಿತ್ರೆ ‘ಎ ಡಿಫರೆಂಟ್ ಸ್ಪಿರಿಟ್’ 2009ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು.

ಕಚೇರಿಯ ಹಾದಿ ಹಿಡಿದ ಕನ್ನಡಿಗರೂ ಇದ್ದಾರೆ. ಕುಬ್ಜರ ವಿಭಾಗದ ಅಥ್ಲೀಟ್ ಆಗಿದ್ದ ಕೆ.ವೈ. ವೆಂಕಟೇಶ್ ಗಾಯದ ಕಾರಣ ಸ್ಪರ್ಧೆಯಿಂದ ಹಿಂದೆ ಸರಿದ ನಂತರ ಕರ್ನಾಟಕ ಪ್ಯಾರಾ ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಅವರು ಬಂದಾಗ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ ವೇದಿಕೆಯ ಮೆಟ್ಟಿಲಿಳಿದು ಪ್ರಶಸ್ತಿ ಪ್ರದಾನ ಮಾಡಿದ ದೃಶ್ಯ ಹಲವರಿಗೆ ನೆನಪಿರಬಹುದು.

ನಮ್ಮ ಎರಡು ಊರುಗಳ ಮಾತು

ಮಾಲತಿ ಅವರ ತಲೆಮಾರಿನ ಗಾಲಿಕುರ್ಚಿ ಕ್ರೀಡಾಪಟುಗಳಲ್ಲಿ ಹಲವರು ಪೋಲಿಯೊ ಪೀಡಿತರು. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಇನ್ನು ಮುಂದೆ ಗಾಲಿಕುರ್ಚಿ ಏರುವವರು ಹುಟ್ಟಿನಿಂದ ಬಂದ ತೊಂದರೆಯವರು, ಇಲ್ಲವೇ ರಸ್ತೆ ಅಪಘಾತ, ಮರ ಅಥವಾ ಕಟ್ಟಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು. ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ದಾವಣಗೆರೆ, ಹರಿಹರಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹುಟ್ಟಿನಿಂದ ಕುರ್ಚಿಯಲ್ಲಿರುವ ಮಗುವಿಗೂ 25ನೇ ವಯಸ್ಸಿನಲ್ಲಿ ಏಕಾಏಕಿ ಕುರ್ಚಿಗೆ ಬಂದ ಚಾಲಕನಿಗೂ ಬೇಕಾಗುವ ತರಬೇತಿ ಒಂದೇ ಅಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ, ಕ್ರೀಡಾಂಗಣ ಹಾಗೂ ತರಬೇತಿ ಸೌಲಭ್ಯಗಳನ್ನು ಅಂಗವಿಕಲರು ಬಳಸುವಂತೆ ಮಾರ್ಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಇದನ್ನು ಕೇಳಿ ಪಡೆಯುವುದು ದಾನವಲ್ಲ, ಕಾನೂನು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಯುಡಿಐಡಿ ಚೀಟಿ, ಚಿಕಿತ್ಸಾ ದಾಖಲೆಗಳು, ಜನ್ಮ ದಿನಾಂಕದ ಪುರಾವೆ ಇವಿಷ್ಟನ್ನು ಒಂದು ಕಡತದಲ್ಲಿಟ್ಟು ಅಲ್ಲಿಂದ ಆರಂಭಿಸಬಹುದು. ರಾಜ್ಯ ಮಟ್ಟದ ಪ್ಯಾರಾ ಕೂಟಕ್ಕೆ ಹೆಸರು ನೋಂದಾಯಿಸುವಾಗಲೇ ವರ್ಗೀಕರಣ ಎಂದು, ಎಲ್ಲಿ ಎಂದು ಕೇಳಿ ತಿಳಿದುಕೊಳ್ಳಬೇಕು. ವರ್ಗವಿಲ್ಲದೆ ಮಾಡಿದ ಸಾಧನೆ ದಾಖಲೆಗೆ ಸೇರುವುದಿಲ್ಲ.

ಡಿಸೆಂಬರ್ ಕೂಟದ ಪೂರ್ವಭಾವಿ ಸಭೆಗೆ ಗಾಲಿಕುರ್ಚಿ ಬಳಸುವ ಒಬ್ಬರನ್ನಾದರೂ ಕರೆದು, ಓಟದ ಪಟ್ಟಿಯನ್ನು ಅವರ ಎದುರು ಓದಿ ಹೇಳುವುದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ. ಸಭೆಯನ್ನು ನೆಲಮಹಡಿಯ ಕೊಠಡಿಯಲ್ಲಿ ಕರೆದರೆ ಸಾಕು.